ಗುಂಡಿ ಹಾಕಿದ್ದು ಯಾರು? ನಮ್ಮ ಕ್ರೀಡಾ ಕ್ಲಬ್‌ಗೆ ಒಂದು ಬಹಿರಂಗ ಪತ್ರ

ಕ್ಲಬ್‌ನ ಅಧ್ಯಕ್ಷರಿಗೆ, ಆಡಳಿತ ಮಂಡಳಿಯ ಸದಸ್ಯರಿಗೆ, ಎಲ್ಲ ಕೋಚ್‌ಗಳಿಗೆ, ನನ್ನ ಹಾಗೆ ಗೇಟಿನ ಹತ್ತಿರ ಮಕ್ಕಳನ್ನು ಬಿಟ್ಟು ಓಡುವ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ನಿಮಗೆ ಹೊಸಬಳಲ್ಲ. ನನ್ನ ಮಗಳು ಐದು ವರ್ಷದಿಂದ ನಿಮ್ಮಲ್ಲಿ ಬ್ಯಾಡ್ಮಿಂಟನ್ ಕಲಿಯುತ್ತಿದ್ದಾಳೆ. ಈಗ ಅವಳಿಗೆ 13. ನನ್ನ ತಮ್ಮ ಶನಿವಾರದ ಈಜಿನ ಗುಂಪಿಗೆ ಬರುತ್ತಾನೆ. ಅವನಿಗೆ 31. ಅವನಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ಮಾತು ಕಡಿಮೆ, ಹೆಚ್ಚೆಂದರೆ ನಲವತ್ತು ಐವತ್ತು ಪದ. ಆದರೆ ಶುಕ್ರವಾರ ರಾತ್ರಿಯೇ ಟವೆಲ್ಲು, ಕನ್ನಡಕ, ಟೋಪಿ ಎಲ್ಲ ಬ್ಯಾಗಿಗೆ ತುಂಬಿ ಬಾಗಿಲ ಹತ್ತಿರ ಇಟ್ಟು ಮಲಗುತ್ತಾನೆ. ವಾರದಲ್ಲಿ ಅವನು ತಾನಾಗಿ ಮಾಡುವ ಕೆಲಸ ಅದೊಂದೇ. ಅದನ್ನು ಅವನಿಗೆ ಕೊಟ್ಟಿದ್ದು ನಿಮ್ಮ ಕ್ಲಬ್. ಆ ಋಣ ನನಗೆ ನೆನಪಿದೆ. ಈ ಪತ್ರ ಬರೆಯುತ್ತಿರುವುದು ಕ್ಲಬ್ ಮುಚ್ಚಿಸೋಕೆ ಅಲ್ಲ, ಅವನು ಮುಂದಿನ ಹತ್ತು ವರ್ಷವೂ ಅಲ್ಲಿಗೆ ಬರುವ ಹಾಗಿರಲಿ ಅಂತ.

ಒಂದು ಶನಿವಾರ ಅವನನ್ನು ಕರೆದುಕೊಂಡು ಹೋಗಲು ಬಂದೆ. ತಲೆ ಒದ್ದೆ, ಮುಖದ ತುಂಬ ನಗು. ಅಂಗಿಯ ಗುಂಡಿಗಳು ಮಾತ್ರ ಒಂದೊಂದು ಕಾಜ ತಪ್ಪಿ ಕೂತಿದ್ದವು. ಅವನಿಗೆ ಗುಂಡಿ ಹಾಕಲು ಬರುವುದಿಲ್ಲ. ಬೆರಳು ಅಷ್ಟು ಹಿಡಿತಕ್ಕೆ ಸಿಗಲ್ಲ. ಅಂದರೆ ಬೇರೆ ಯಾರೋ ಹಾಕಿದ್ದಾರೆ. ಅವಸರದಲ್ಲಿ ಹಾಕಿದ್ದಾರೆ. ಥ್ಯಾಂಕ್ಸ್ ಹೇಳೋಣ ಅಂತ ಸುಮ್ನೆ ಕೇಳಿದೆ.

ಕೌಂಟರಿನಲ್ಲಿ ಕೂತವರು, ಲೈಫ್‌ಗಾರ್ಡ್ ಹಾಕಿರಬೇಕು ಅಂದರು. ಲೈಫ್‌ಗಾರ್ಡ್, ನಾನು ನೀರಿನ ಪಕ್ಕ ಬಿಟ್ಟು ಕದಲೋ ಹಾಗಿಲ್ಲ ಮೇಡಂ, ಕೋಚ್ ಇರಬಹುದು ಅಂದರು. ಕೋಚ್‌ಗೂ ಗೊತ್ತಿರಲಿಲ್ಲ, ವಾಲಂಟಿಯರ್ ಹುಡುಗರ ಕಡೆ ಕೈ ತೋರಿಸಿದರು. ಆ ಹುಡುಗ, ನಾನಲ್ಲ ಅಕ್ಕ, ಬೇರೆ ಮಕ್ಕಳ ಅಪ್ಪ ಯಾರೋ ಒಳಗಿದ್ದರು ಅಂದ. ಕೊನೆಗೆ ತಮ್ಮನನ್ನೇ ಕೇಳಿದೆ. "ಯಾರು ಅಂಗಿ ಹಾಕಿದ್ದು?" ಅವನು ಖುಷಿಯಾಗಿ "ಅಣ್ಣ" ಅಂದ. ಅವನಿಗೆ ಗಂಡಸರೆಲ್ಲ ಅಣ್ಣನೇ.

ಕೆಟ್ಟದ್ದೇನೂ ಆಗಿಲ್ಲ ಅಂತಲೇ ನಾನು ನಂಬಿದ್ದೇನೆ. ಯಾರೋ ಒಳ್ಳೆಯ ಮನಸ್ಸಿನವರು, ಚಳಿಯಲ್ಲಿ ನಿಂತಿದ್ದವನನ್ನು ನೋಡಿ ಬಟ್ಟೆ ಹಾಕಿಸಿ ಕಳಿಸಿದ್ದಾರೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಕಿಸಿದವರು ಒಳ್ಳೆಯವರಲ್ಲದಿದ್ದರೂ ನನಗೆ ಇದೇ ನಾಲ್ಕು ಉತ್ತರ ಸಿಗುತ್ತಿತ್ತು. ತಮ್ಮ ಇದೇ "ಅಣ್ಣ" ಅನ್ನುತ್ತಿದ್ದ.

ಅದಕ್ಕೇ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಮಕ್ಕಳ ಸುರಕ್ಷತೆಗೆ, ತಮ್ಮನಂಥವರ ಸುರಕ್ಷತೆಗೆ, ಕ್ಲಬ್‌ನಲ್ಲಿ ಬರೆದಿಟ್ಟ ನಿಯಮ ಇದೆಯಾ? ಏನಾದರೂ ಆದರೆ ಯಾರಿಗೆ ಹೇಳಬೇಕು? ವೇದಿಕೆಯಿಂದ ಉತ್ತರ ಬಂತು: "ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ದೀವಿ. ಇಲ್ಲಿ ಅಂಥದ್ದೆಲ್ಲ ನಡೆಯಲ್ಲ." ಚಪ್ಪಾಳೆ ಬಿತ್ತು. ನಾನು ಕೂತುಕೊಂಡೆ. ಆಗ ಬಾಯಿಗೆ ಬರದ ಮಾತುಗಳನ್ನು ಈಗ ಬರೆಯುತ್ತಿದ್ದೇನೆ.

ಆ ಮಾತು ಹೇಳಿದವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಅದು ಉತ್ತರ ಅಲ್ಲ. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಮಕ್ಕಳು ವರ್ಷಗಟ್ಟಲೆ ನರಳಿದ್ದು ಇದೇ ನಂಬಿಕೆಯ ನೆರಳಿನಲ್ಲಿ.

ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ಅವರ ವಿಷಯ ನಿಮಗೆ ಗೊತ್ತಿರುತ್ತದೆ. ಚಿಕಿತ್ಸೆ ಅನ್ನುವ ಹೆಸರಿನಲ್ಲಿ ಅವರು ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು. ನನ್ನನ್ನು ತುಂಬ ಕಾಡಿದ ಸಂಗತಿ ಒಂದಿದೆ. ಎಷ್ಟೋ ಸಲ ಅಮ್ಮ ಅಥವಾ ಅಪ್ಪ ಅದೇ ಕೋಣೆಯಲ್ಲಿ ಕೂತಿದ್ದರು. ಅವರಿಗೆ ಕಾಣದ ಹಾಗೆ ಈ ಮನುಷ್ಯ ಮೈ ಅಡ್ಡ ಇಟ್ಟು ನಿಲ್ಲುತ್ತಿದ್ದರು, ಅವರ ಜೊತೆ ಮಾತೂ ಆಡುತ್ತಿದ್ದರು. ಆ ಅಪ್ಪ ಅಮ್ಮಂದಿರು ಬೇಜವಾಬ್ದಾರಿಯವರಲ್ಲ. ನನಗಿಂತ ಹೆಚ್ಚು ಜಾಗರೂಕರೇ ಇದ್ದಿರಬಹುದು. ಆ ಡಾಕ್ಟರ್ ಅವರಿಗೆ ಮನೆಯವರ ಹಾಗೆ ಆಗಿದ್ದರು, ಅಷ್ಟೇ.

ಒಬ್ಬ ಹುಡುಗಿ 1997ರಲ್ಲೇ ತನ್ನ ಕೋಚ್‌ಗೆ ಹೇಳಿದ್ದೆ ಎಂದು ಆಮೇಲೆ ತಿಳಿಸಿದಳು. ರೇಚಲ್ ಡೆನ್‌ಹಾಲಂಡರ್ ಎಂಬಾಕೆ ಹೆಸರು ಹೇಳಿ ಪತ್ರಿಕೆಯ ಮುಂದೆ ಬಂದಿದ್ದು 2016ರಲ್ಲಿ. ನಡುವೆ ಸುಮಾರು 19 ವರ್ಷ. 2018ರ ಜನವರಿಯಲ್ಲಿ ಕೋರ್ಟಿನಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆಗಳನ್ನು ಕೇಳಲಾಯಿತು. ಅಷ್ಟು ಮಂದಿ ಒಂದೇ ದಿನ ಹುಟ್ಟಿಕೊಂಡವರಲ್ಲ. ಹೇಳಿದವರ ಮಾತು ಪ್ರತಿ ಸಲ ಯಾವುದೋ ಒಂದು ಮೇಜಿನ ಮೇಲೆ ನಿಂತುಹೋಗಿತ್ತು. ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆ 2015ರ ಜುಲೈನಲ್ಲಿ ಆ ದೇಶದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ತಿಳಿಸಿದ ಮೇಲೂ ಅಲ್ಲಿನ ಅಧಿಕಾರಿಗಳು ಬೇಗ ಎಚ್ಚೆತ್ತುಕೊಳ್ಳಲಿಲ್ಲ ಅಂತ 2021ರಲ್ಲಿ ಸರ್ಕಾರದ್ದೇ ತನಿಖಾ ವರದಿ ಹೇಳಿತು.

ಅಮೆರಿಕದ್ದೇ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ನಮ್ಮ ಕ್ಲಬ್‌ಗೆ ಇನ್ನೂ ಹತ್ತಿರ. ಅಲ್ಲಿನ ಮಾಜಿ ಫುಟ್‌ಬಾಲ್ ಕೋಚ್ ಜೆರ್ರಿ ಸ್ಯಾಂಡಸ್ಕಿ ಬಡ ಮಕ್ಕಳಿಗಾಗಿ ಒಂದು ಸೇವಾ ಸಂಸ್ಥೆಯನ್ನೇ ಕಟ್ಟಿದ್ದರು. ಎಲ್ಲರೂ ಕೈ ಮುಗಿಯುವ ಮನುಷ್ಯ. 2001ರಲ್ಲಿ ಒಬ್ಬ ಯುವ ಸಹಾಯಕ ಶವರ್ ಕೋಣೆಯಲ್ಲಿ ಅವರನ್ನು ಒಬ್ಬ ಹುಡುಗನ ಜೊತೆ ನೋಡಿದ. ಮುಖ್ಯ ಕೋಚ್‌ಗೆ ಹೇಳಿದ. ಅವರು ಮೇಲಿನವರಿಗೆ ಹೇಳಿದರು. ಮೇಲಿನವರು, ಇನ್ನು ಮುಂದೆ ಮಕ್ಕಳನ್ನು ಇಲ್ಲಿಗೆ ಕರೆತರಬೇಡಿ ಅಂತ ಸ್ಯಾಂಡಸ್ಕಿಗೇ ಹೇಳಿ ಸುಮ್ಮನಾದರು. ಪೊಲೀಸರಿಗೆ ಯಾರೂ ಫೋನ್ ಮಾಡಲಿಲ್ಲ. ಬಂಧನ ಆಗಿದ್ದು 2011ರಲ್ಲಿ. ಮಾರನೇ ವರ್ಷ 45 ಆರೋಪಗಳಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು. ಈ ಸರಪಳಿಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರಿಗೆ "ಹೇಳಿದ್ದರು". ಆದರೆ ಹತ್ತು ವರ್ಷ ಹೋಯಿತು.

ಇಂಗ್ಲೆಂಡಿನಲ್ಲಿ ಆಂಡಿ ವುಡ್‌ವರ್ಡ್ ಎಂಬ ಮಾಜಿ ಫುಟ್‌ಬಾಲ್ ಆಟಗಾರ 2016ರ ನವೆಂಬರ್‌ನಲ್ಲಿ, ಹುಡುಗನಾಗಿದ್ದಾಗ ಕೋಚ್ ಬ್ಯಾರಿ ಬೆನೆಲ್ ತನಗೆ ಮಾಡಿದ್ದನ್ನು ಬಾಯಿಬಿಟ್ಟು ಹೇಳಿದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಎಲ್ಲ ನಡುವಯಸ್ಸಿನ ಗಂಡಸರು. ಗಂಡು ಮಕ್ಕಳಿಗೆ ಏನಾಗುತ್ತೆ ಬಿಡಿ ಅನ್ನುವವರು ಇದನ್ನು ಒಂದು ಸಲ ಓದಬೇಕು. ಆ ದೇಶದ ಫುಟ್‌ಬಾಲ್ ಸಂಸ್ಥೆ 1995ರಿಂದ 2000ದ ತನಕ ಮಾಡಬೇಕಾದಷ್ಟು ಮಾಡಲಿಲ್ಲ, ತುಂಬ ನಿಧಾನ ಮಾಡಿತು ಅಂತ 2021ರ ಶೆಲ್ಡನ್ ವರದಿ ಹೇಳಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಮ್ಮ ಕ್ಲಬ್‌ನಲ್ಲಿ ಇಂಥವರು ಇದ್ದಾರೆ ಅಂತ ನಾನು ಹೇಳುತ್ತಿಲ್ಲ. ಇಂಥವರು ಬಂದರೆ ಗುರುತಿಸುವ ದಾರಿ ನಮ್ಮ ಹತ್ತಿರ ಇಲ್ಲ ಅಂತ ಹೇಳುತ್ತಿದ್ದೇನೆ. ಯಾಕೆಂದರೆ ಅವರು ಸಿಡುಕು ಮೋರೆ ಹಾಕಿಕೊಂಡು ಬರುವುದಿಲ್ಲ. ಎಲ್ಲರಿಗಿಂತ ಜಾಸ್ತಿ ಸಹಾಯ ಮಾಡುವವರಾಗಿ ಬರುತ್ತಾರೆ. ತಡವಾದರೆ ಮಕ್ಕಳನ್ನು ಮನೆಗೆ ಬಿಡುತ್ತಾರೆ. ಒಂದು ಮಗುವಿನಲ್ಲಿ ವಿಶೇಷ ಪ್ರತಿಭೆ ಇದೆ ಅಂತ ಅಪ್ಪ ಅಮ್ಮನಿಗೆ ಹೇಳುತ್ತಾರೆ. ಯಾವ ಅಪ್ಪ ಅಮ್ಮ ಕರಗಲ್ಲ ಹೇಳಿ? ಆ ಮಗುವಿಗೆ ಮಾತ್ರ ಹೊಸ ಶೂ, ಅದಕ್ಕೆ ಮಾತ್ರ ಹೆಚ್ಚುವರಿ ಅಭ್ಯಾಸ. ಆಮೇಲೆ ಒಂದು ಸಣ್ಣ ಗುಟ್ಟು, ನಿಯಮ ಮುರಿಯುವ ಒಂದು ಸಣ್ಣ ತಮಾಷೆ. ಮಗು ಗುಟ್ಟು ಕಾಪಾಡುತ್ತದಾ ಅಂತ ನೋಡುವ ಪರೀಕ್ಷೆ ಅದು. ಇದಕ್ಕೆ ಗ್ರೂಮಿಂಗ್ ಅನ್ನುತ್ತಾರೆ. ಮಗುವನ್ನು ಬಲೆಗೆ ಹಾಕುವ ಮೊದಲು ಮನೆಯವರನ್ನು ಹಾಕಿಕೊಳ್ಳುತ್ತಾರೆ, ಕ್ಲಬ್ಬನ್ನು ಹಾಕಿಕೊಳ್ಳುತ್ತಾರೆ. ತೊಂದರೆ ಏನೆಂದರೆ ಈ ಕೆಲಸಗಳಲ್ಲಿ ಮುಕ್ಕಾಲು ಪಾಲನ್ನು ನಿಜವಾದ ಒಳ್ಳೆಯ ಕೋಚ್ ಕೂಡ ಮಾಡುತ್ತಾರೆ. ಹೊರಗಿನಿಂದ ನೋಡಿ ವ್ಯತ್ಯಾಸ ಹೇಳಲು ನಿಮಗೂ ಆಗಲ್ಲ, ನನಗೂ ಆಗಲ್ಲ. ಅದಕ್ಕೇ, ಯಾರು ಒಳ್ಳೆಯವರು ಅಂತ ಊಹಿಸುವ ಕೆಲಸವನ್ನೇ ಬಿಟ್ಟು, ಎಲ್ಲರಿಗೂ ಒಂದೇ ನಿಯಮ ಇರಲಿ ಅನ್ನುತ್ತೇನೆ.

ನನ್ನ ಮಗಳ ಕೋಚ್ ವಿಷಯವನ್ನೇ ತೆಗೆದುಕೊಳ್ಳಿ. ಅವರು ಇದನ್ನು ಓದುತ್ತಾರೆ, ನನಗೆ ಗೊತ್ತು. ಅವರಿಗೆ ಮೊದಲೇ ಹೇಳಿದ್ದೇನೆ. ಅವರು ಒಳ್ಳೆಯ ಕೋಚ್. ಮಗಳ ಬ್ಯಾಕ್‌ಹ್ಯಾಂಡ್ ಸರಿಹೋಗಿದ್ದು ಅವರಿಂದ. ಅವರು ರಾತ್ರಿ 10:40ಕ್ಕೆ ಅವಳ ಫೋನಿಗೆ ಮೆಸೇಜ್ ಹಾಕುತ್ತಿದ್ದರು. ನಾನು ಎಲ್ಲ ಓದಿದೆ. ಕಾಲಿನ ಚಲನೆ, ಮುಂದಿನ ಪಂದ್ಯ, ಚೆನ್ನಾಗಿ ನಿದ್ದೆ ಮಾಡು, ಅಷ್ಟೇ. ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೂ ಆ ಸಮಯ ನೋಡಿ ನನ್ನ ಎದೆ ಧಸಕ್ಕೆಂದಿತು. ಆ ಕ್ಷಣದಲ್ಲಿ ನಾನು ಒಬ್ಬ ನಿರಪರಾಧಿಯನ್ನು ಅನುಮಾನಿಸಿದೆ. ಮೆಸೇಜ್ ಏನಿದ್ದರೂ ಗುಂಪಿಗೇ ಹಾಕಬೇಕು, ಒಬ್ಬ ಮಗುವಿಗೆ ಕಳಿಸುವುದಾದರೆ ಅಪ್ಪ ಅಮ್ಮನೂ ಅದರಲ್ಲಿ ಇರಬೇಕು ಅಂತ ಕ್ಲಬ್‌ನಲ್ಲಿ ಒಂದು ಸಾಲು ಬರೆದಿದ್ದರೆ ಅವರೂ ಉಳಿದುಕೊಳ್ಳುತ್ತಿದ್ದರು, ನಾನೂ ಉಳಿದುಕೊಳ್ಳುತ್ತಿದ್ದೆ. ಈಗ ಅವರಾಗಿಯೇ ಹಾಗೆ ಮಾಡುತ್ತಿದ್ದಾರೆ. ನನಗೆ ಯಾರೂ ಇದನ್ನು ಹೇಳಿಯೇ ಇರಲಿಲ್ಲ ಅಂದರು. ಅವರ ತಪ್ಪಾ ಅದು?

ಇನ್ನೊಂದು ವಿಷಯ. ಈ ಮಾತು ಬಂದ ಕೂಡಲೇ ಎಲ್ಲರ ತಲೆಗೆ ಬರುವುದು ಲೈಂಗಿಕ ದೌರ್ಜನ್ಯ ಮಾತ್ರ. ಕಣ್ಣೆದುರೇ ನಡೆಯುವ ಬೇರೆ ಹಿಂಸೆಗೆ ನಾವು ಶಿಸ್ತು ಅಂತ ಹೆಸರಿಟ್ಟಿದ್ದೇವೆ. ಎಲ್ಲರ ಮುಂದೆ ಮಗುವಿನ ತೂಕದ ಬಗ್ಗೆ ಆಡಿಕೊಳ್ಳುವುದು. ಸೋತರೆ ನೀರು ಕುಡಿಯಲು ಬಿಡದೆ ಸುತ್ತು ಹಾಕಿಸುವುದು. ನೋವು ಅಂದರೆ ನಾಟಕ ಅನ್ನುವುದು. ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಬಗ್ಗೆ 2022ರಲ್ಲಿ ಬಂದ ವೈಟ್ ವರದಿಗೆ 400ಕ್ಕೂ ಹೆಚ್ಚು ಮಂದಿ ತಮ್ಮ ಅನುಭವ ಬರೆದು ಕಳಿಸಿದ್ದರು. ಪೆಟ್ಟಾಗಿದ್ದರೂ ಆಡಿಸಿದ್ದು, ಟಾಯ್ಲೆಟ್‌ಗೆ ಬಿಡದೇ ಇದ್ದದ್ದು, ಊಟ ನೀರು ತಡೆದಿದ್ದು, ದಿನವೂ ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದು, ಎಲ್ಲ ಅದರಲ್ಲಿದೆ. ಪದಕ ಬಂತಲ್ಲ ಅನ್ನುವವರಿಗೆ ನಾನು ಕೇಳುವುದಿಷ್ಟೆ: ಎಷ್ಟು ಮಕ್ಕಳು ಆ ಪದಕಕ್ಕೆ ಮೊದಲೇ ಆಟ ಬಿಟ್ಟು ಹೋದರು ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ? ಮಕ್ಕಳು ಮಕ್ಕಳಿಗೇ ಕೊಡುವ ಕಾಟವೂ ಇದೆ. ನಮ್ಮ ಬಟ್ಟೆ ಬದಲಿಸುವ ಕೋಣೆಯಲ್ಲಿ ದೊಡ್ಡ ಹುಡುಗರು ಸಣ್ಣವರ ಟವೆಲ್ ಎಳೆಯುವುದನ್ನು, ಅದನ್ನು ಫೋನಿನಲ್ಲಿ ಹಿಡಿಯುವುದನ್ನು ನಾವೆಲ್ಲ ಹುಡುಗಾಟ ಅಂತ ನಕ್ಕು ಬಿಟ್ಟಿದ್ದೇವೆ. ನಾನೂ ನಕ್ಕಿದ್ದೇನೆ. ಅದು ತಪ್ಪಾಯಿತು.

ಹಾಗಾದರೆ ಏನು ಬೇಕು?

ಮೊದಲನೆಯದು, ಹೆಸರು. ಮಕ್ಕಳ ಮತ್ತು ಅಸಹಾಯಕ ವಯಸ್ಕರ ಸುರಕ್ಷತೆಗೆ ಜವಾಬ್ದಾರರು ಯಾರು ಅಂತ ಒಂದು ಹೆಸರು, ಒಂದು ಫೋನ್ ನಂಬರ್, ಒಂದು ಫೋಟೊ ಗೋಡೆಯ ಮೇಲೆ ಇರಬೇಕು. ಅವರು ಮುಖ್ಯ ಕೋಚ್‌ನ ನೆಂಟರಾಗಿರಬಾರದು, ಅಧ್ಯಕ್ಷರ ಬಲಗೈಯೂ ಆಗಿರಬಾರದು. ದೂರು ಅವರ ಮೇಲೇ ಇದ್ದರೆ ಹೋಗಲು ಇನ್ನೊಬ್ಬರು ಬೇಕು. ಆದ್ದರಿಂದ ಇಬ್ಬರು. ಗಂಡಸರೇ ತುಂಬಿರುವ ಮಂಡಳಿ ನಮ್ಮದು, ಈ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಒಂಬತ್ತು ವರ್ಷದ ಮಗುವಿಗೂ ಓದಲು ಬರುವ ಭಾಷೆಯಲ್ಲಿ ಆ ಪೋಸ್ಟರ್ ಇರಲಿ. ಹಾಕುವುದು ಆಫೀಸಿನಲ್ಲಿ ಅಲ್ಲ, ಟಾಯ್ಲೆಟ್ ಬಾಗಿಲ ಒಳಬದಿಯಲ್ಲಿ. ಯಾರ ಕಣ್ಣಿಗೂ ಬೀಳದೆ ಮಗು ಅದನ್ನು ಓದುವ ಜಾಗ ಅದೊಂದೇ.

ಎರಡನೆಯದು, ಒಂಟಿಯಾಗಿ ಇರದಿರುವುದು. ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಇರಬಾರದು. ಒಬ್ಬರಿಗೇ ಕಲಿಸುವ ಪಾಠ ಇರಲಿ, ಬೇಡ ಅನ್ನಲ್ಲ. ಆದರೆ ಇನ್ನೊಬ್ಬರ ಕಣ್ಣಿಗೆ ಕಾಣುವ ಜಾಗದಲ್ಲಿ ನಡೆಯಲಿ, ಯಾರು ಬೇಕಾದರೂ ನಡುವೆ ಬರುವ ಹಾಗಿರಲಿ. ಕಾರಿನಲ್ಲೂ ಅಷ್ಟೇ, ಹೊರಗಿನ ಪಂದ್ಯಕ್ಕೆ ಹೋದಾಗ ಹೋಟೆಲ್ ಕೋಣೆಯಲ್ಲೂ ಅಷ್ಟೇ. ಬಟ್ಟೆ ಬದಲಿಸುವ ಕೋಣೆಗೆ ಫೋನ್ ಒಯ್ಯುವ ಹಾಗೇ ಇಲ್ಲ, ಯಾರೂ. ಆಟ ಕಲಿಸುವಾಗ ಮುಟ್ಟಬೇಕಾಗುತ್ತದೆ, ಸರಿ. ಭುಜ ತಿರುಗಿಸಬೇಕು, ನೀರಿನಲ್ಲಿ ಬೆನ್ನಿಗೆ ಕೈ ಕೊಡಬೇಕು. ಹಾಗಿದ್ದರೆ, "ಭುಜ ಹಿಡಿದು ತೋರಿಸಲಾ?" ಅಂತ ಕೇಳಿ ಮುಟ್ಟಿ. ಕೇಳಲು ಎರಡು ಸೆಕೆಂಡು. ಬೇಡ ಅನ್ನುವ ಹಕ್ಕು ತನಗಿದೆ ಅನ್ನುವುದನ್ನು ಮಗು ಆ ಎರಡು ಸೆಕೆಂಡಿನಲ್ಲಿ ಕಲಿಯುತ್ತದೆ.

ಮೂರನೆಯದು, ಕೆಲಸಕ್ಕೆ ತೆಗೆದುಕೊಳ್ಳುವ ರೀತಿ. ಈಗ ನಾವು ಪರಿಚಯದ ಮೇಲೆ, ಪದಕದ ಮೇಲೆ ತೆಗೆದುಕೊಳ್ಳುತ್ತೇವೆ. ಪೊಲೀಸ್ ದಾಖಲೆ ನೋಡಿ, ನೋಡಲೇಬೇಕು. ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಆ ಕಾಗದ ಹೇಳುವುದು ಈ ಮನುಷ್ಯ ಇದುವರೆಗೆ ಸಿಕ್ಕಿಬಿದ್ದಿಲ್ಲ ಅಂತ ಮಾತ್ರ. ನಾಸರ್ ಕಾಗದವೂ 2016ರ ತನಕ ಶುದ್ಧವಾಗಿಯೇ ಇತ್ತು. ಹಿಂದಿನ ಕ್ಲಬ್‌ಗೆ ಫೋನ್ ಮಾಡಿ ನೇರವಾಗಿ ಕೇಳಿ: ಇವರನ್ನು ಮತ್ತೆ ಮಕ್ಕಳ ಜೊತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ? ಆಚೆ ಕಡೆಯವರು ತಡವರಿಸಿದರೆ ಅದೂ ಒಂದು ಉತ್ತರ. ವಾಲಂಟಿಯರ್‌ಗಳಿಗೂ ಇದೇ ನಿಯಮ. ಬಿಟ್ಟಿ ಕೆಲಸ ಮಾಡುವವರನ್ನು ಪ್ರಶ್ನೆ ಕೇಳುವುದು ಹೇಗೆ ಅನ್ನುವ ಸಂಕೋಚ ನಮ್ಮಲ್ಲಿದೆ. ಆ ಸಂಕೋಚ ಬಿಡಬೇಕು.

ಈಗ ನನ್ನ ತಮ್ಮನ ವಿಷಯ. ಇದರ ಬಗ್ಗೆ ಮಾತಾಡುವವರು ತುಂಬ ಕಡಿಮೆ. ಅವನು ಮಗು ಅಲ್ಲ. ಅವನನ್ನು ಪುಟ್ಟ, ಕಂದ ಅಂತ ಕರೆಯುವವರು ಪ್ರೀತಿಯಿಂದಲೇ ಕರೆಯುತ್ತಾರೆ, ಆದರೆ ಅವನಿಗೆ 31 ವರ್ಷ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 16ನೇ ವಿಧಿ ಅವನನ್ನು ಶೋಷಣೆಯಿಂದ, ಹಿಂಸೆಯಿಂದ ಕಾಪಾಡಬೇಕು ಅನ್ನುತ್ತದೆ. ಅದೇ ಒಪ್ಪಂದದ 30ನೇ ವಿಧಿ, ಬೇರೆಯವರಿಗೆ ಸಮನಾಗಿ ಆಟ ಆಡುವ ಹಕ್ಕು ಅವನಿಗಿದೆ ಅನ್ನುತ್ತದೆ. ಎರಡೂ ಒಟ್ಟಿಗೆ ಬೇಕು. ನಾನು ಸಭೆಯಲ್ಲಿ ಪ್ರಶ್ನೆ ಕೇಳಿದ ಮೇಲೆ ಒಬ್ಬರು ಹತ್ತಿರ ಬಂದು, ಅಷ್ಟು ಭಯ ಇದ್ದರೆ ಅವನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಅದನ್ನು ಸುರಕ್ಷತೆ ಅನ್ನಬೇಡಿ. ಅದು ಬಾಗಿಲು ಹಾಕುವುದು.

ಅವನಂಥವರಿಗೆ ಅಪಾಯ ಹೆಚ್ಚು ಯಾಕೆ? ಚಿಕ್ಕಂದಿನಿಂದ ಬೇರೆಯವರು ಮೈ ಮುಟ್ಟುವುದು ಅವನಿಗೆ ಅಭ್ಯಾಸವಾಗಿದೆ. ಸ್ನಾನ, ಬಟ್ಟೆ, ಡಾಕ್ಟರು, ಫಿಸಿಯೋಥೆರಪಿ. ಸುಮ್ಮನೆ ಸಹಕರಿಸು ಅಂತಲೇ ಎಲ್ಲರೂ ಕಲಿಸಿದ್ದಾರೆ, ನಾವೂ ಕಲಿಸಿದ್ದೇವೆ. ಬೇಡ ಅನ್ನುವುದನ್ನು ಯಾರೂ ಕಲಿಸಲಿಲ್ಲ. ಅವನು ಇದ್ದಕ್ಕಿದ್ದ ಹಾಗೆ ಸಿಟ್ಟಾದರೆ, ನೀರಿಗೆ ಇಳಿಯಲ್ಲ ಅಂತ ಹಟ ಹಿಡಿದರೆ, ಅದು ಅವನ ಕಾಯಿಲೆ ಅಂತ ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಅವನು ಏನೋ ಹೇಳುತ್ತಿದ್ದಾನೆ ಅಂತ ಯಾರಿಗೂ ಅನ್ನಿಸಲ್ಲ. ದುಡ್ಡಿನ ವಿಷಯವೂ ಇದೆ. ಕೇಳಿದವರಿಗೆಲ್ಲ ಜೇಬಿನಲ್ಲಿದ್ದದ್ದನ್ನು ಕೊಟ್ಟುಬಿಡುತ್ತಾನೆ. ಅದನ್ನು ತಮಾಷೆಗೆ ಅಂತ ಮಾಡುವವರು ಇದ್ದಾರೆ.

ಅವನ ಮಟ್ಟಿಗೆ ನಾನು ಕೇಳುವುದು ತುಂಬ ಚಿಕ್ಕದು. ಬಟ್ಟೆ ಬದಲಿಸಲು ಸಹಾಯ ಬೇಕಾದ ಪ್ರತಿಯೊಬ್ಬರಿಗೂ ಒಂದು ಹಾಳೆ ಮಾಡಿ. ಯಾವುದಕ್ಕೆ ಸಹಾಯ ಬೇಕು, ಯಾವುದನ್ನು ಅವರೇ ಮಾಡಿಕೊಳ್ಳುತ್ತಾರೆ, ಯಾರು ಸಹಾಯ ಮಾಡಿದರೆ ಅವರಿಗೆ ಸರಿ, ಬೇಡ ಅನ್ನುವುದನ್ನು ಅವರು ಹೇಗೆ ತೋರಿಸುತ್ತಾರೆ. ನನ್ನ ತಮ್ಮ ಬೇಡ ಅನ್ನುವಾಗ ಮಾತಾಡಲ್ಲ, ಕಿವಿ ಮುಚ್ಚಿಕೊಳ್ಳುತ್ತಾನೆ. ಇದು ಗೊತ್ತಿಲ್ಲದವರು ಅವನಿಗೆ ಸದ್ದು ಆಗಲ್ಲ ಅಂದುಕೊಂಡು ಮುಂದುವರಿಸುತ್ತಾರೆ. ಆ ದಿನ ಯಾರು ಸಹಾಯ ಮಾಡಿದರು ಅಂತ ಕೆಳಗೆ ಒಂದು ಸಹಿ. ಅಷ್ಟೇ. ಆ ಸಹಿ ಇದ್ದಿದ್ದರೆ ಆ ಶನಿವಾರ ನಾನು ಥ್ಯಾಂಕ್ಸ್ ಹೇಳಿ ಮನೆಗೆ ಹೋಗುತ್ತಿದ್ದೆ.

ಯಾರಾದರೂ ಬಂದು ಹೇಳಿದಾಗ ಏನು ಮಾಡಬೇಕು ಅನ್ನುವುದು ಎಲ್ಲಕ್ಕಿಂತ ಕಷ್ಟದ ಭಾಗ. ಒಂದು ಮಗು ಬಾಯಿಬಿಡುವುದು ನೀವು ಕುರ್ಚಿ ಹಾಕಿ ಕೂತಾಗ ಅಲ್ಲ. ಬಲೆ ಮಡಚುವಾಗ, ಶೂ ಲೇಸ್ ಕಟ್ಟುವಾಗ, ಅರ್ಧ ಮಾತು ಬರುತ್ತದೆ. "ನಾನು ಆ ಸರ್ ಹತ್ತಿರ ಹೋಗಲ್ಲ." ಆಗ ಕೈಯಲ್ಲಿರುವ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳಿ. ಪೊಲೀಸರ ಹಾಗೆ ಪ್ರಶ್ನೆ ಮೇಲೆ ಪ್ರಶ್ನೆ ಬೇಡ. ಅವರು ಇಲ್ಲಿ ಮುಟ್ಟಿದರಾ, ಅಲ್ಲಿ ಮುಟ್ಟಿದರಾ ಅಂತ ನೀವೇ ಮಾತು ಕೊಡಬೇಡಿ. ಅದು ಆಮೇಲೆ ಮಗುವಿನ ಮಾತನ್ನೇ ದುರ್ಬಲ ಮಾಡುತ್ತದೆ. ಯಾರಿಗೂ ಹೇಳಲ್ಲ ಅಂತ ಭಾಷೆ ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ನಿಮಗೆ ಆಗಲ್ಲ. "ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಿಲ್ಲ, ಸಹಾಯ ಮಾಡುವವರಿಗೆ ನಾನು ಹೇಳಬೇಕಾಗುತ್ತದೆ" ಅಂತ ಹೇಳಿ. ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ, ದಿನ ಮತ್ತು ಸಮಯದ ಜೊತೆ ಆವತ್ತೇ ಬರೆದಿಡಿ. ಆರೋಪ ಬಂದವರನ್ನು ಕರೆದು ವಿಚಾರಿಸುವ ಕೆಲಸ ನಿಮ್ಮದಲ್ಲ. ಹಾಗೆ ಮಾಡಿದರೆ ಸಾಕ್ಷ್ಯ ಹೋಗುತ್ತದೆ, ಮಗುವಿನ ಬಾಯಿ ಮುಚ್ಚುತ್ತದೆ.

ನಾಲ್ಕು ಗೋಡೆ ನಡುವೆ ಬಗೆಹರಿಸೋಣ ಅನ್ನುವ ಮಾತು ಬೇಡವೇ ಬೇಡ. ಎಷ್ಟೋ ಕಡೆ ಕಾನೂನೂ ಅದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ 2018ರಲ್ಲಿ ಜಾರಿಗೆ ಬಂದ ಸೇಫ್ ಸ್ಪೋರ್ಟ್ ಕಾಯ್ದೆ, ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಅಡಿಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ಅನುಮಾನ ಬಂದ 24 ಗಂಟೆಯೊಳಗೆ ತಿಳಿಸಬೇಕು ಅನ್ನುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಇರುವ ಭಾರತದ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ 21ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು. ಇಂಗ್ಲೆಂಡಿನಲ್ಲಿ 2022ರ ಒಂದು ಕಾಯ್ದೆ ಕ್ರೀಡಾ ಕೋಚ್‌ಗಳನ್ನೂ ನಂಬಿಕೆಯ ಸ್ಥಾನದಲ್ಲಿರುವವರ ಪಟ್ಟಿಗೆ ಸೇರಿಸಿತು. 16, 17 ವರ್ಷದವರು ಲೈಂಗಿಕ ಸಂಬಂಧಕ್ಕೆ ಒಪ್ಪಿದ್ದರು ಅನ್ನುವ ನೆಪ ಅಲ್ಲಿ ಈಗ ಕೋಚ್‌ಗೆ ನಡೆಯಲ್ಲ. ದೇಶ ಯಾವುದೇ ಇರಲಿ, ಕ್ಲಬ್ ತಾನೇ ಕೋರ್ಟ್ ಆಗುವ ಹಾಗಿಲ್ಲ.

ಸುಳ್ಳು ದೂರು ಬಂದರೆ ಅಂತ ನಮ್ಮ ಹಿರಿಯ ಕೋಚ್ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದು ಮಾತಿಗೆ ಇಡೀ ಜೀವನದ ಹೆಸರು ಹೋಗಬಹುದು ಅನ್ನುವ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. ನನ್ನ ಉತ್ತರ ಇದು ಸರ್: ನೀವು ಯಾವಾಗಲೂ ಇನ್ನೊಬ್ಬರಿಗೆ ಕಾಣುವ ಹಾಗೆ ಕಲಿಸಿದ್ದರೆ, ಮೆಸೇಜ್ ಎಲ್ಲ ಗುಂಪಿನಲ್ಲೇ ಇದ್ದರೆ, ಯಾವ ದಿನ ಯಾರು ಎಲ್ಲಿದ್ದರು ಅಂತ ಪುಸ್ತಕದಲ್ಲಿ ಬರೆದಿದ್ದರೆ, ನಿಮ್ಮ ಪರ ಸಾಕ್ಷಿ ಹೇಳಲು ಹತ್ತು ಜನ ಇರುತ್ತಾರೆ. ಈಗ ನಿಮ್ಮ ಪರ ಇರುವುದು ನಿಮ್ಮ ಒಳ್ಳೆಯತನ ಒಂದೇ. ದೂರಿನ ವಿಚಾರಣೆ ಮುಗಿಯುವ ತನಕ ಮಕ್ಕಳಿಂದ ದೂರ ಇರಿ ಅಂದರೆ ಅದು ಶಿಕ್ಷೆ ಅಲ್ಲ ಅಂತ ನಿಯಮದಲ್ಲೇ ಬರೆಯೋಣ. ದೂರು ಕೊಟ್ಟವರ ಹೆಸರಾಗಲೀ ನಿಮ್ಮ ಹೆಸರಾಗಲೀ ಹೊರಗೆ ಹರಡಿದವರ ಮೇಲೂ ಕ್ರಮ ಇರಲಿ.

ಕ್ಲಬ್‌ಗೆ ಕೆಟ್ಟ ಹೆಸರು ಬರುತ್ತೆ ಅನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ನಾಸರ್ ಕೆಲಸ ಮಾಡುತ್ತಿದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 2018ರಲ್ಲಿ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಳ್ಳಬೇಕಾಯಿತು. ಹೆಸರು ಉಳಿಸಿಕೊಳ್ಳೋಣ ಅಂತ ಸುಮ್ಮನಿದ್ದವರಿಗೆ ಹೆಸರೂ ಉಳಿಯಲಿಲ್ಲ.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ನಾವು ಫೀಸು ಎಷ್ಟು, ಪಂದ್ಯ ಯಾವಾಗ, ಕೋಚ್ ಎಲ್ಲಿ ಆಡಿದ್ದರು ಅಂತ ಕೇಳುತ್ತೇವೆ. ಬಟ್ಟೆ ಬದಲಿಸುವಾಗ ಯಾರು ಇರುತ್ತಾರೆ ಅಂತ ಕೇಳಲ್ಲ. ಕೇಳಿದರೆ ಅನುಮಾನದ ಮನುಷ್ಯರು ಅಂದುಕೊಳ್ಳುತ್ತಾರೆ ಅನ್ನುವ ಮುಜುಗರ. ನಾನೂ ಐದು ವರ್ಷ ಕೇಳಲಿಲ್ಲ. ಒಬ್ಬಳೇ ಕೇಳಿದರೆ ತಕರಾರು ಅನ್ನುತ್ತಾರೆ, ನಲವತ್ತು ಜನ ಕೇಳಿದರೆ ಅದೇ ಪದ್ಧತಿ ಆಗುತ್ತದೆ. ಮಕ್ಕಳ ಹತ್ತಿರವೂ ಗೆದ್ದೆಯಾ ಸೋತೆಯಾ ಅನ್ನುವುದರ ಜೊತೆಗೆ, ಇವತ್ತು ಅಲ್ಲಿ ನಿನಗೆ ಇಷ್ಟವಾಗದ್ದು ಏನಾದರೂ ಇತ್ತಾ ಅಂತ ಕೇಳಿ. ಕಾರಿನಲ್ಲಿ ಪಕ್ಕದಲ್ಲಿ ಕೂತಾಗ ಕೇಳಿ, ಮುಖ ನೋಡಿ ಹೇಳುವುದಕ್ಕಿಂತ ಅದು ಅವರಿಗೆ ಸುಲಭ.

ಅಧ್ಯಕ್ಷರೇ, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಮೊದಲನೆಯದಾಗಿ ಹಾಕಿ. ಕಟ್ಟಡದ ರಿಪೇರಿ, ಟ್ರೋಫಿ ಇವೆಲ್ಲ ಆದ ಮೇಲೆ ಜನ ಎದ್ದು ಹೋಗುವ ಹೊತ್ತಿಗೆ ಬೇಡ. ನಿಯಮ ಬರೆಯುವಾಗ ಮಕ್ಕಳನ್ನು ಕರೆದು ಕೇಳಿ. ಮಕ್ಕಳಿಗೆ ಸಂಬಂಧಿಸಿದ್ದರಲ್ಲಿ ಅವರ ಮಾತು ಕೇಳಬೇಕು ಅಂತ 1989ರ ಮಕ್ಕಳ ಹಕ್ಕುಗಳ ಒಪ್ಪಂದದ 12ನೇ ವಿಧಿಯೇ ಹೇಳುತ್ತದೆ. ಕ್ಲಬ್‌ನ ಯಾವ ಮೂಲೆಯಲ್ಲಿ ಭಯ ಆಗುತ್ತೆ ಅಂತ ನಕ್ಷೆ ಕೊಟ್ಟು ಗುರುತು ಮಾಡಲು ಹೇಳಿ. ಮಗಳನ್ನು ಕೇಳಿದಾಗ ಅವಳು ಯೋಚನೆಯನ್ನೇ ಮಾಡದೆ ಹೇಳಿದಳು: ಹಿಂದಿನ ಮೆಟ್ಟಿಲ ಕೆಳಗೆ, ಲೈಟ್ ಕೆಟ್ಟಿರುವ ಜಾಗ. ಆ ಬಲ್ಬನ್ನು ಬದಲಿಸಲು ಯಾವ ಸಭೆಯೂ ಬೇಕಿಲ್ಲ, ದಯವಿಟ್ಟು ಈ ವಾರವೇ ಮಾಡಿಸಿ.

ಬರುವ ಶನಿವಾರ ನಾನು ತಮ್ಮನ ಜೊತೆ ಅರ್ಧ ಗಂಟೆ ಮುಂಚೆ ಬರುತ್ತೇನೆ. ಕೋಚ್, ಲೈಫ್‌ಗಾರ್ಡ್, ವಾಲಂಟಿಯರ್‌ಗಳು ಎಲ್ಲರ ಫೋಟೊ ಒಂದೊಂದು ಕಾರ್ಡಿನಲ್ಲಿ ಬೇಕು, ಮುಖ ಚೆನ್ನಾಗಿ ಕಾಣುವ ಹಾಗೆ. ಮೇಜಿನ ಮೇಲೆ ಹರಡಿ ಅವನನ್ನೇ ಕೇಳೋಣ, ನಿನಗೆ ಗುಂಡಿ ಯಾರು ಹಾಕಲಿ ಅಂತ. ಅವನು ಆರಿಸುತ್ತಾನೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಬೇಕು.

ಇತಿ,
ನಿಮ್ಮ ಕ್ಲಬ್‌ನ ಒಬ್ಬ ಆಟಗಾರ್ತಿಯ ಅಮ್ಮ, ಒಬ್ಬ ಈಜುಗಾರನ ಅಕ್ಕ